ಕಾಲುವೆಯ ಕೊನೆಗೆ ನೀರು ಮುಟ್ಟಬೇಕು

ತುಂಗಭದ್ರಾ ಜಲಾಶಯದಿಂದ ೨೦೨೫-೨೬ನೆಯ ಸಾಲಿನ ಎರಡನೆಯ ಬೆಳೆಗೆ ನೀರು ಬಿಡಲಾಗದೆಂದು ೨೦೨೫ರ ಕೊನೆಯಲ್ಲಿ ಸರಕಾರದವರು ಗೊತ್ತುಪಡಿಸಿದಾಗ, ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರಯತವರ್ಗದಲ್ಲಿ ಉಂಟಾದ ಕಳವಳವು ಸಹಜವಾದದ್ದೇ ಸರಿ. ಕಾರಣವನ್ನು ವಾಚಕರು ಬಲ್ಲರು. ೨೦೨೪ನೆಯ ಇಸವಿ ಆಗಸ್ಟ್ ೧೦ರ ರಾತ್ರಿ ಆಣೆಕಟ್ಟಿನ ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ಕಡಿದು, ಆ ಗೇಟು ತುಂಬಿದ ಜಲಾಶಯದ ಒತ್ತಡಕ್ಕೆ ಕೊಚ್ಚಿಹೋಯಿತು. ಅರುವತ್ತು ಅಡಿ ಅಗಲದ ಆ ಕಂಡಿಯ ಮೂಲಕ ಹತ್ತಾರು ಟಿ.ಎಂ.ಸಿ. ನೀರು ಹೊಳೆಯ ಪಾಲಾಯಿತು. ನಿವೃತ್ತ ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ನಡುವೆಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಒಂದು ವಾರದೊಳಗಾಗಿ ಕಂಡಿಯನ್ನು ಮುಚ್ಚಿದರು. ಆ ಮೇಲೆ ಮಳೆರಾಯನೂ ಕರುಣೆ ತೋರಿದ್ದರಿಂದ ಜಲಾಶಯವು ಅದೇ ವರ್ಷ ಮರಳಿ ತುಂಬಿತು. ಆದರೆ ಉಳಿದ ಗೇಟುಗಳೂ ಏಳು ದಶಕಗಳ ಸೇವೆಯಿಂದ ಸವೆದಿವೆಯೆಂದು ತಜ್ಞರು ಹೇಳಿದ ಮೇಲೆ, ೨೦೨೫ರಲ್ಲಿ ಸಂಗ್ರಹವನ್ನು ೮೦ ಟಿ.ಎಂ.ಸಿ.ಗೆ ಮಿತಿಗೊಳಿಸಿ, ಬೇಸಿಗೆಯಲ್ಲಿ ಗೇಟುಗಳನ್ನು ಬದಲಾಯಿಸಲು ಜಲಾಶಯವನ್ನು ತಗ್ಗಿಸುವುದು ಅನಿವಾರ್ಯವಾಯಿತು.

ಒಂದು ಬೆಳೆ ಹೋದರೂ ಚಿಂತೆಯಿಲ್ಲ, ಕಟ್ಟೆ ಉಳಿಯಲಿ ಎಂಬ ಈ ನಿರ್ಧಾರವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಈ ಗದ್ದಲದಲ್ಲಿ ಒಂದು ಭ್ರಮೆಯು ಹುಟ್ಟಿಕೊಳ್ಳುತ್ತಿರುವುದನ್ನು ಕಂಡು ಎರಡು ಮಾತು ಬರೆಯಬೇಕಾಗಿದೆ. ಗೇಟುಗಳು ಹೊಸವಾದರೆ ತುಂಗಭದ್ರೆಯ ಕಷ್ಟವೆಲ್ಲ ಪರಿಹಾರವಾಯಿತೆಂದು ನಮ್ಮ ಅಧಿಕಾರಿ ವರ್ಗವೂ, ಜನನಾಯಕರೂ ಭಾವಿಸಿರುವಂತೆ ತೋರುತ್ತದೆ. ಗೇಟು ಕಬ್ಬಿಣದ ಪದಾರ್ಥ; ಹಣವನ್ನು ಹಾಕಿದರೆ ಹೊಸದು ಬರುತ್ತದೆ. ಗೇಟನ್ನು ದಾಟಿದ ಮೇಲೆ ನೀರು ಯಾರ ಹೊಲಕ್ಕೆ ಹೋಗುತ್ತದೆ, ಯಾರ ಹೊಲಕ್ಕೆ ಹೋಗುವುದಿಲ್ಲ ಎಂಬ ವ್ಯವಹಾರವು ಸರಪಳಿ ಕಡಿಯುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಕೆಟ್ಟುಹೋಗಿದೆ. ಅದಕ್ಕೆ ತಡೆಹಲಗೆ ಇಳಿಸುವವರು ಇನ್ನೂ ಬಂದಿಲ್ಲ.

ಮೊದಲು ಲೆಕ್ಕವನ್ನು ನೋಡೋಣ. ಕಟ್ಟಿದಾಗ ಈ ಜಲಾಶಯವು ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. ಹೂಳು ತುಂಬುತ್ತ ಬಂದು, ೨೦೧೬ರ ಅಳತೆಯ ಪ್ರಕಾರ ಅದು ೧೦೫.೭೮೮ ಟಿ.ಎಂ.ಸಿ.ಗೆ ಇಳಿದಿದೆ. ಅಂದರೆ ಕನ್ನಂಬಾಡಿಯ ಕಟ್ಟೆಯಲ್ಲಿ ನಿಲ್ಲುವ ನೀರಿನ ಅರ್ಧಕ್ಕಿಂತ ಹೆಚ್ಚಿನ ಜಾಗವನ್ನು ಮಣ್ಣು ಆಕ್ರಮಿಸಿದೆ. ಇತ್ತ, ಬಚಾವತ್ ನ್ಯಾಯಾಧಿಕರಣವು ೧೯೭೬ರಲ್ಲಿ ಈ ಜಲಾಶಯದಿಂದ ಬಳಕೆಗೆಂದು ೨೧೨ ಟಿ.ಎಂ.ಸಿ.ಯನ್ನೂ, ಬಿಸಿಲಿಗೆ ಆವಿಯಾಗಿ ಹೋಗುವುದೆಂದು ೧೮ ಟಿ.ಎಂ.ಸಿ.ಯನ್ನೂ ಗಣಿಸಿತು. ಬಳಕೆಯ ಭಾಗದಲ್ಲಿ ಕರ್ನಾಟಕಕ್ಕೆ ೧೩೮.೯೯, ಅಂದಿನ ಆಂಧ್ರ ಪ್ರದೇಶಕ್ಕೆ ೭೩.೦೧. ವರ್ಷದ ಬಳಕೆಯ ಅರ್ಧವನ್ನು ಮಾತ್ರ ಹಿಡಿಯಬಲ್ಲ ಪಾತ್ರೆಯಿದು. ಉಳಿದರ್ಧವನ್ನು ಮಲೆನಾಡಿನ ಮಳೆ ಹೊಳೆಯಾಗಿ ಬರುವ ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ ಬಂದಂತೆಯೇ ಬಳಸಿಕೊಳ್ಳಬೇಕು. ತಡಮಾಡಿದ ದಿನದ ನೀರು ಕಟ್ಟೆ ತುಂಬಿದ ಮೇಲೆ ಶ್ರೀಶೈಲದ ಕಡೆಗೆ ಹೋಗುತ್ತದೆ. ಆದುದರಿಂದ ಇಲ್ಲಿ ನೀರು ಎಷ್ಟಿದೆ ಎಂಬ ಪ್ರಶ್ನೆಗಿಂತ ಯಾವ ದಿನ ಎಷ್ಟು ಬಿಡಬೇಕು ಎಂಬ ಪ್ರಶ್ನೆಯೇ ಮುಖ್ಯವಾದದ್ದು. ಒಂದು ಟಿ.ಎಂ.ಸಿ. ನೀರನ್ನು ಒಂದಡಿಯ ಆಳಕ್ಕೆ ಹರಡಿದರೆ ಸುಮಾರು ೨೩,೦೦೦ ಎಕರೆ ನೆಲ ನೆನೆಯುತ್ತದೆ. ಕೆಸರುಗದ್ದೆಯ ಭತ್ತವು ತನ್ನ ಕಾಲದುದ್ದಕ್ಕೂ ನಾಲ್ಕಡಿಗೆ ಕಡಿಮೆಯಿಲ್ಲದಷ್ಟು ನೀರನ್ನು ಕುಡಿಯುವುದಾಗಿ ಹಿಡಿದರೆ ಆ ಒಂದು ಟಿ.ಎಂ.ಸಿ.ಯಲ್ಲಿ ಐದಾರು ಸಾವಿರ ಎಕರೆ ಬೆಳೆಯುತ್ತದೆ; ಒಂದೂವರೆ ಅಡಿಯಲ್ಲಿ ತೃಪ್ತಿಪಡುವ ಜೋಳವಾದರೆ ಹದಿನೈದು ಸಾವಿರ ಎಕರೆ. ಕಾಲುವೆಯಲ್ಲಿ ಬಸಿದು ಹೋಗುವುದನ್ನು ಎರಡರಲ್ಲಿಯೂ ಕಳೆಯಬೇಕೆಂಬುದು ನಿಜ. ಆದರೂ ಒಂದಕ್ಕೆ ಮೂರು ಎಂಬ ಪ್ರಮಾಣವು ತಪ್ಪುವುದಿಲ್ಲ. ಈ ಒಂದಕ್ಕೆ ಮೂರರಲ್ಲಿಯೇ ನಮ್ಮ ಜಗಳವೆಲ್ಲ ಅಡಗಿದೆ.

ಈ ಯೋಜನೆಯ ಹುಟ್ಟನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ೧೮೭೬ರಿಂದ ೧೮೭೮ರವರೆಗಿನ ಬರದಲ್ಲಿ ಬಳ್ಳಾರಿ ಸೀಮೆಯು ಅನುಭವಿಸಿದ್ದನ್ನು ನಮ್ಮ ಅಜ್ಜಂದಿರ ತಲೆಮಾರು ಮರೆತಿರಲಿಲ್ಲ. ವರ್ಷಕ್ಕೆ ಇಪ್ಪತ್ತು-ಇಪ್ಪತ್ತೈದು ಅಂಗುಲ ಮಳೆ ಬೀಳುವ ನಾಡು. ಅದೂ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಹೊಳೆಗೆ ಕಟ್ಟೆ ಹಾಕಬೇಕೆಂದು ೧೮೬೦ರಲ್ಲಿಯೇ ಸರ್ ಆರ್ಥರ್ ಕಾಟನ್ ಸೂಚಿಸಿದ್ದನು. ಮದರಾಸು ಸರಕಾರಕ್ಕೂ ನಿಜಾಮರ ಸರಕಾರಕ್ಕೂ ೧೯೪೪ರಲ್ಲಿ ಒಪ್ಪಂದವಾಗಿ, ೧೯೪೫ರ ಫೆಬ್ರವರಿ ೨೮ರಂದು ಹೊಳೆಯ ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆದು, ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಆ ಎಂಜಿನಿಯರುಗಳ ಸಂಕಲ್ಪವು ಸ್ಪಷ್ಟವಾಗಿತ್ತು. ಕೆಲವರನ್ನು ಶ್ರೀಮಂತರನ್ನಾಗಿ ಮಾಡುವುದಲ್ಲ, ಬಹು ಜನರನ್ನು ಬರದಿಂದ ಕಾಪಾಡುವುದು ಅವರ ಉದ್ದೇಶ. ಅದಕ್ಕಾಗಿಯೇ ನೀರನ್ನು ತೆಳುವಾಗಿ, ದೂರದವರೆಗೆ ಹಂಚಿದರು. ಯಾವ ಹೊಲಕ್ಕೆ ಯಾವ ಬೆಳೆ ಎಂದು ಸರ್ವೆ ನಂಬರಿನ ಲೆಕ್ಕದಲ್ಲಿ ಗೊತ್ತುಮಾಡಿದರು. ಭತ್ತಕ್ಕೂ ಕಬ್ಬಿಗೂ ಅಲ್ಪ ಭಾಗವನ್ನಿಟ್ಟು, ಹೆಚ್ಚಿನ ಭೂಮಿಯನ್ನು ಜೋಳ, ಸಜ್ಜೆ, ಹತ್ತಿ, ಸೇಂಗಾಗಳಿಗೆ ಮೀಸಲಿಟ್ಟರು. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನ ಸೀಮೆಗೆ ಹೋಗುವ ೨೨೭ ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯನ್ನು ಈ ನಂಬಿಕೆಯ ಮೇಲೆಯೇ ಕಡಿದರು. ಅದರ ಮೂಲ ಸಾಮರ್ಥ್ಯ ೪,೧೦೦ ಕ್ಯೂಸೆಕ್. ಅಷ್ಟೂ ನೀರು ದಿನವಿಡೀ ಹರಿದರೆ ಒಂದು ಟಿ.ಎಂ.ಸಿ. ಸಾಗುವುದಕ್ಕೆ ಮೂರು ದಿನಕ್ಕೆ ಸ್ವಲ್ಪ ಕಡಿಮೆ ಬೇಕು. ಜೋಳಕ್ಕೆಂದು ತೋಡಿದ ಕಾಲುವೆಯಲ್ಲಿ ಭತ್ತದ ಬಾಯಾರಿಕೆಯನ್ನು ತೀರಿಸುವುದು ಆಗದ ಮಾತು.

ಆದರೆ ನಡೆದದ್ದು ಏನು? ನೀರು ಬಂದ ಮೊದಲ ವರ್ಷಗಳಲ್ಲಿ ಎರೆಹೊಲದ ನಮ್ಮ ಒಕ್ಕಲಿಗನು ಕಾಲುವೆಯ ನೀರನ್ನು ಸಂಶಯದಿಂದಲೇ ನೋಡಿದನು. ಕೃಷ್ಣಾ-ಗೋದಾವರಿ ಮುಖಜ ಭೂಮಿಯಿಂದ ಗದ್ದೆಯ ಬೇಸಾಯವನ್ನು ಬಲ್ಲ ರೈತರು ಬಂದು, ಭೂಮಿಯನ್ನು ಕೊಂಡು, ಮಟ್ಟಮಾಡಿ, ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು. ಅವರ ಉದ್ಯಮಶೀಲತೆಯನ್ನು ದೂಷಿಸುವ ಕ್ಷುಲ್ಲಕ ಬುದ್ಧಿ ನಮಗಿಲ್ಲ. ಅವರಿಂದ ಕಲಿತು ನಮ್ಮವರೂ ಅದೇ ದಾರಿಯನ್ನು ಹಿಡಿದರು, ಇಂದು ಕ್ಯಾಂಪಿನವರು, ಊರಿನವರು ಎಂಬ ಭೇದವೂ ಉಳಿದಿಲ್ಲ. ಗಂಗಾವತಿಯು ಭತ್ತದ ಕಣಜವೆನಿಸಿತು. ಅಲ್ಲಿಯ ಸೋನಾಮಸೂರಿ ಅಕ್ಕಿಯನ್ನು ಊಟಮಾಡದ ಪಟ್ಟಣಿಗನು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇದ್ದಾರು? ಭತ್ತಕ್ಕೆ ಗಿರಣಿಯಿದೆ, ವ್ಯಾಪಾರಿಯಿದ್ದಾನೆ, ಸಾಲ ಹುಟ್ಟುತ್ತದೆ. ಜೋಳಕ್ಕೆ ಇವುಗಳಲ್ಲಿ ಒಂದೂ ಅಷ್ಟಾಗಿ ಇಲ್ಲ. ಮನುಷ್ಯನು ಲಾಭವಿರುವ ಕಡೆಗೆ ಹೋಗುತ್ತಾನೆಂಬುದು ಅಪರಾಧವಲ್ಲ. ಅಪರಾಧವಿರುವುದು ಬೇರೆ ಕಡೆ. ಗೊತ್ತುಪಡಿಸಿದ ಬೆಳೆಯ ಪಟ್ಟಿಯನ್ನು ಕಚೇರಿಯ ಬೀರುವಿನಲ್ಲಿ ಭದ್ರವಾಗಿಟ್ಟು, ಕಣ್ಣೆದುರಿನ ಗದ್ದೆಯನ್ನು ಕಾಣದಂತೆ ಎಪ್ಪತ್ತು ವರ್ಷ ನಡೆದುಕೊಂಡ ಆಡಳಿತದಲ್ಲಿದೆ. ಕಾಯಿದೆಯನ್ನು ಮುರಿಯುವುದಕ್ಕೆ ಒಂದು ಸಲ ಬಿಟ್ಟರೆ ಅದು ರೂಢಿ; ಇಪ್ಪತ್ತು ಸಲ ಬಿಟ್ಟರೆ ಹಕ್ಕು. ಈಗ ಮೇಲ್ಭಾಗದ ರೈತನು ತನ್ನ ಭತ್ತವನ್ನು ಹಕ್ಕೆಂದೇ ತಿಳಿದಿದ್ದಾನೆ.

ಇದರ ಫಲವನ್ನು ಉಣ್ಣುವವನು ಕೆಳಭಾಗದವನು. ರಾಯಚೂರು ಜಿಲ್ಲೆಯ ರೈತನಿಗೆ ಪಂಚಾಂಗಕ್ಕಿಂತ ಹೆಚ್ಚು ಪರಿಚಿತವಾದದ್ದು ಕಾಲುವೆಯ ೬೯ನೆಯ ಮೈಲು ಮತ್ತು ೧೦೪ನೆಯ ಮೈಲಿನ ಗೇಜು. ಅಲ್ಲಿ ನೀರು ಎಷ್ಟು ಅಡಿ ನಿಂತಿದೆ ಎಂಬುದರ ಮೇಲೆ ಅವನ ವರ್ಷವು ನಿಂತಿದೆ. ಮುನಿರಾಬಾದಿನಲ್ಲಿ ಕಾಲುವೆ ತುಂಬಿ ಹರಿಯುತ್ತಿರುವಾಗಲೇ ೧೦೪ನೆಯ ಮೈಲಿನಲ್ಲಿ ಗೇಜು ಇಳಿಯುತ್ತದೆ; ಮಾನ್ವಿ, ಸಿರವಾರ, ರಾಯಚೂರುಗಳಲ್ಲಿ ರಸ್ತೆತಡೆ ಆರಂಭವಾಗುತ್ತದೆ; ಮಂತ್ರಿಗಳು ಭರವಸೆ ಕೊಡುತ್ತಾರೆ; ಮೇಲ್ಭಾಗದ ತೂಬುಗಳನ್ನು ಮುಚ್ಚಲು ಪೋಲೀಸರು ಬರುತ್ತಾರೆ; ಕಾಲುವೆಯ ಉದ್ದಕ್ಕೂ ನಿಷೇಧಾಜ್ಞೆಯನ್ನು ಹೊರಡಿಸಿದ ಉದಾಹರಣೆಗಳೂ ಒಂದೆರಡಲ್ಲ. ಬೆಳೆಗೆ ನೀರುಣಿಸುವುದಕ್ಕೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗುವ ರಾಜ್ಯದಲ್ಲಿ ನೀರಾವರಿ ಇಲಾಖೆಯು ಏತಕ್ಕಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ. ಈ ಕಾಲುವೆಯ ನೀರೇ ರಾಯಚೂರು ನಗರದ ಕುಡಿಯುವ ನೀರಿಗೂ ಒಂದು ಆಧಾರವೆಂಬುದನ್ನು ನೆನಪಿಡಬೇಕು. ಕೊನೆಯ ಭಾಗವೆಂದರೆ ಹೊಲ ಮಾತ್ರವಲ್ಲ, ಬಿಂದಿಗೆಯೂ ಹೌದು.

ಮೇಲ್ಭಾಗದವನಿಗಾದರೂ ಇದರಿಂದ ಶಾಶ್ವತ ಸುಖವುಂಟೇ? ಇಲ್ಲ. ಕಪ್ಪು ಎರೆಮಣ್ಣು ನೀರನ್ನು ಬಸಿಯಗೊಡುವುದಿಲ್ಲ. ವರ್ಷಕ್ಕೆರಡು ಸಲ ನೀರು ನಿಲ್ಲಿಸಿದ ಹೊಲಗಳಲ್ಲಿ ನೆಲದಡಿಯ ನೀರು ಮೇಲೇರಿ, ಉಪ್ಪನ್ನು ಹೊತ್ತು ತಂದು, ಸಾವಿರಾರು ಎಕರೆ ಭೂಮಿಯು ಜೌಗಾಗಿ, ಸವುಳಾಗಿ ಹಾಳಾಗಿದೆ. ಈ ಸವುಳಿನ ವಿಷಯವನ್ನೇ ಅಭ್ಯಾಸಮಾಡುವುದಕ್ಕಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿದ್ವಾಂಸರು ದಶಕಗಳಿಂದ ಶ್ರಮಿಸುತ್ತಿದ್ದಾರೆ. ಕೊನೆಯವನು ನೀರಿಲ್ಲದೆ ಕೆಟ್ಟನು. ಮೊದಲಿನವನು ನೀರು ಹೆಚ್ಚಾಗಿ ಕೆಡುತ್ತಿದ್ದಾನೆ.

ಹೊಳೆಗೆ ಹಾಕಿದರೂ ಅಳೆದು ಹಾಕು ಎಂಬುದು ನಮ್ಮ ಗಾದೆ. ಕೆರೆಯ ಕೆಳಗಿನ ನಮ್ಮ ಹಳೆಯ ಊರುಗಳಲ್ಲಿ ನೀರುಗಂಟಿ ಎಂಬವನೊಬ್ಬನಿರುತ್ತಿದ್ದನು. ಅವನು ಓದಿದವನಲ್ಲ, ಸಂಬಳದವನೂ ಅಲ್ಲ, ಸುಗ್ಗಿಯಲ್ಲಿ ಅವನಿಗೊಂದು ಆಯ. ನೀರು ಕಡಿಮೆಯಾದ ವರ್ಷ ತೂಬಿನ ಕೀಲಿ ಅವನ ಕೈಯಲ್ಲಿ. ಗೌಡನ ಗದ್ದೆಗಾಗಲಿ, ಶಾನುಭೋಗನ ಗದ್ದೆಗಾಗಲಿ ಸರದಿ ತಪ್ಪಿಸಿ ನೀರು ಬಿಟ್ಟನೆಂದರೆ ಊರು ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಎಲ್ಲ ಊರುಗಳಲ್ಲಿಯೂ ಧರ್ಮವೇ ನಡೆಯುತ್ತಿತ್ತೆಂದು ನಾವು ಹೇಳುವುದಿಲ್ಲ. ದೊಡ್ಡವರ ದಬ್ಬಾಳಿಕೆ ಅಂದೂ ಇತ್ತು. ಆದರೆ ಯಾರಿಗೆ ಎಷ್ಟು ಹೊತ್ತು ನೀರು ಎಂಬುದು ಊರಿಗೆಲ್ಲ ಗೊತ್ತಿತ್ತು. ಇಂದು ಉಪಕಾಲುವೆಯೊಂದಕ್ಕೆ ಎಷ್ಟು ಕ್ಯೂಸೆಕ್ ಬಿಡಬೇಕು, ಎಷ್ಟು ಬಿಟ್ಟರು ಎಂಬುದು ಅದರ ಕೆಳಗೆ ಬದುಕುವ ರೈತನಿಗೆ ತಿಳಿಯುವುದಿಲ್ಲ. ಜಲಾಶಯದ ಒಳಹರಿವು, ಹೊರಹರಿವು, ಮಟ್ಟ ಇವುಗಳನ್ನು ಪ್ರತಿದಿನ ಪ್ರಕಟಿಸುವ ಪದ್ಧತಿಯಿದೆ, ಅದು ಒಳ್ಳೆಯದು. ಅದೇ ಪದ್ಧತಿಯು ಕಾಲುವೆಯ ಪ್ರತಿಯೊಂದು ಗೇಜಿಗೂ, ಪ್ರತಿಯೊಂದು ಉಪಕಾಲುವೆಯ ಬಾಯಿಗೂ ವಿಸ್ತರಿಸಬೇಕು. ಪ್ರಾತಃಕಾಲದ ಅಳತೆಯು ಮಧ್ಯಾಹ್ನದೊಳಗಾಗಿ ಗ್ರಾಮ ಪಂಚಾಯತಿಯ ಹಲಗೆಯ ಮೇಲೂ, ರೈತನ ಕೈಯಲ್ಲಿರುವ ಮೊಬೈಲಿನಲ್ಲಿಯೂ ಕಾಣಬೇಕು. ಇದಕ್ಕೆ ಕೋಟಿಗಟ್ಟಲೆ ರೂಪಾಯಿ ಬೇಕಿಲ್ಲ. ಬೇಕಾದದ್ದು, ಅಳತೆಯನ್ನು ಜನರ ಮುಂದಿಡಲು ಹೆದರದ ಮನಸ್ಸು.

ಅದಕ್ಕಿಂತಲೂ ಮುಖ್ಯವಾದದ್ದು ಸರದಿಯ ಕ್ರಮ. ಈಗ ನೀರು ಮೇಲಿನಿಂದ ಕೆಳಗೆ ಹೋಗುತ್ತ, ದಾರಿಯಲ್ಲಿ ಸಿಕ್ಕವರೆಲ್ಲ ಕುಡಿದು, ಉಳಿದರೆ ಕೊನೆಗೆ. ಸರದಿಯನ್ನು ಕೊನೆಯಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಕಾಲುವೆ ತೆರೆದ ಮೊದಲ ದಿನಗಳಲ್ಲಿ ಮೇಲಿನ ಉಪಕಾಲುವೆಗಳನ್ನು ಮುಚ್ಚಿ, ೧೦೪ನೆಯ ಮೈಲಿನ ಕೆಳಗಿನ ಹೊಲಗಳಿಗೆ ಮೊದಲ ನೀರು ಕೊಟ್ಟು, ಆ ಮೇಲೆ ಮೇಲ್ಮುಖವಾಗಿ ಬರಬೇಕು. ಭತ್ತದ ಸಸಿ ನಾಟಿದ ಮೇಲೆ ಮೇಲಿನವನ ತೂಬನ್ನು ಮುಚ್ಚುವ ಧೈರ್ಯ ಯಾವ ಅಧಿಕಾರಿಗೂ ಇರುವುದಿಲ್ಲ. ಸಸಿ ನಾಟುವುದಕ್ಕೆ ಮೊದಲು ಮುಚ್ಚಿದರೆ ಮಾತ್ರ ಮುಚ್ಚಿದಂತೆ. ಇದನ್ನು ಮಾಡುವುದಕ್ಕೆ ನೀರಾವರಿ ಸಲಹಾ ಸಮಿತಿಯು ಬಿತ್ತನೆಗೆ ಮುಂಚೆ ಸೇರಿ, ಜಲಾಶಯ ತುಂಬಿದರೆ ಒಂದು ಕ್ರಮ, ಅರೆತುಂಬಿದರೆ ಇನ್ನೊಂದು, ಬರಿದಾದರೆ ಮತ್ತೊಂದು ಎಂದು ಮೂರು ಲೆಕ್ಕಗಳನ್ನೂ ಮೊದಲೇ ಪ್ರಕಟಿಸಬೇಕು. ಎಲ್ಲ ಕ್ಷೇತ್ರಗಳ ಶಾಸಕರೂ ಕೂತು, ತಮ್ಮ ತಮ್ಮ ಮತದಾರರ ಕಡೆಗೆ ಕಾಲುವೆಯನ್ನು ಎಳೆದಾಡಿ, ಕೊನೆಗೆ ಎಲ್ಲರಿಗೂ ನೀರು ಎಂದು ನಿರ್ಣಯಿಸಿ ಎದ್ದುಹೋಗುವ ಸಭೆಗಳನ್ನು ಸಾಕಷ್ಟು ನೋಡಿದ್ದೇವೆ. ಕಾಲುವೆಯ ದಡದಲ್ಲಿ ಕೂಡಿಸಿದ ಅಕ್ರಮ ಪಂಪುಗಳನ್ನು ಕೀಳುವುದಕ್ಕೆ ೧೯೬೫ರ ನೀರಾವರಿ ಕಾಯಿದೆಯಲ್ಲಿಯೇ ಅಧಿಕಾರವಿದೆ. ೨೦೨೪ರ ತಿದ್ದುಪಡಿಯು ಅದನ್ನು ಇನ್ನಷ್ಟು ಬಿಗಿಮಾಡಿದೆ. ಸಣ್ಣ ರೈತನ ಐದು ಕುದುರೆಶಕ್ತಿಯ ಪಂಪಿನಿಂದ ಕೀಳುವ ಕೆಲಸವನ್ನು ಆರಂಭಿಸಿ ಅಲ್ಲಿಗೇ ನಿಲ್ಲಿಸುವುದಾದರೆ ಆ ಕಾಯಿದೆಯು ಇಲ್ಲದಿದ್ದರೇ ಲೇಸು.

ಭತ್ತವನ್ನೇ ಬೆಳೆಯಕೂಡದೆಂದು ನಾವು ಹೇಳುತ್ತಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾನಿಲಯದವರು ಪ್ರಚಾರಕ್ಕೆ ತಂದಿರುವ ಕೂರಿಗೆ ಭತ್ತದ ಪದ್ಧತಿಯಲ್ಲಿ, ಕೆಸರು ಮಾಡದೆ ಒಣನೆಲದಲ್ಲಿಯೇ ಬೀಜವನ್ನು ಬಿತ್ತಿ ಗಣನೀಯವಾಗಿ ಕಡಿಮೆ ನೀರಿನಲ್ಲಿ ಬೆಳೆ ತೆಗೆಯಬಹುದು. ಕಾಲುವೆ ತೆರೆಯುವ ದಿನವನ್ನು ಕಾಯುವ ಕಷ್ಟವೂ ತಪ್ಪುತ್ತದೆ. ಆ ಪದ್ಧತಿಗೆ ಕಳೆಯ ಉಪದ್ರವವಿದೆಯೆಂಬ ರೈತರ ಮಾತೂ ನಿಜವೇ. ಆದರೂ ಈ ಸೀಮೆಯ ಅನೇಕರು ಅದನ್ನು ಒಪ್ಪಿಕೊಂಡಿದ್ದಾರೆ. ಜೋಳವನ್ನು ಸರಕಾರವು ಬೆಂಬಲ ಬೆಲೆಗೆ ಕೊಳ್ಳುವುದುಂಟು. ಆದರೆ ಕೊಳ್ಳುವ ಕೇಂದ್ರವನ್ನು ತಡವಾಗಿ ತೆರೆದು ಬೇಗ ಮುಚ್ಚುವ ಪದ್ಧತಿಯಿಂದ ಜೋಳ ಬೆಳೆದವನು ಮರುವರ್ಷ ಭತ್ತಕ್ಕೆ ಮರಳುತ್ತಾನೆ. ಅಕ್ಕಿಯನ್ನೇ ಹಂಚಿ, ಅಕ್ಕಿಯನ್ನೇ ಹೊಗಳಿ, ಆಮೇಲೆ ರೈತನಿಗೆ ಜೋಳ ಬೆಳೆಯೆಂದು ಉಪದೇಶಿಸುವ ನೀತಿಯು ಹಾಸ್ಯಾಸ್ಪದ.

ಇಲ್ಲಿ ನಮ್ಮವರಿಗೆ ಅಪ್ರಿಯವಾದ ಒಂದು ಮಾತನ್ನೂ ಆಡಬೇಕಾಗಿದೆ. ಬಲದಂಡೆಯ ಕೆಳಮಟ್ಟದ ಕಾಲುವೆಯು ಬಳ್ಳಾರಿ ಜಿಲ್ಲೆಯ ನಮ್ಮ ಭೂಮಿಯನ್ನು ಹಾಯ್ದು ಕರ್ನೂಲು ಸೀಮೆಗೆ ಹೋಗುತ್ತದೆ. ಅಲ್ಲಿಯ ಕೊನೆಯ ಭಾಗದ ರೈತರು ನಮ್ಮ ಮೇಲೆ ಹೊರಿಸುವ ದೂರು, ರಾಯಚೂರಿನವರು ಗಂಗಾವತಿಯ ಮೇಲೆ ಹೊರಿಸುವ ದೂರೇ ಆಗಿದೆ. ಕನ್ನಡ ನಾಡಿನ ಹಕ್ಕಿನ ಒಂದು ಹನಿಯನ್ನೂ ಬಿಟ್ಟುಕೊಡಬೇಕೆಂದು ಈ ಪತ್ರಿಕೆಯು ಎಂದೂ ಹೇಳುವುದಿಲ್ಲ. ಆದರೆ ನ್ಯಾಯಾಧಿಕರಣವು ಹಂಚಿದ್ದು ಹಂಚಿದ್ದೇ. ನೀರು ಕಡಿಮೆಯಾದ ವರ್ಷ ಎಲ್ಲರ ಪಾಲೂ ಪ್ರಮಾಣಾನುಸಾರವಾಗಿ ಕಡಿಮೆಯಾಗಬೇಕೆಂಬ ನಿಯಮವನ್ನು ನಾವು ಕಾವೇರಿಯಲ್ಲಿ ವಾದಿಸಿ, ತುಂಗಭದ್ರೆಯಲ್ಲಿ ಮರೆಯುವುದು ನಮಗೆ ಶೋಭಿಸದು. ನವಲಿಯಲ್ಲಿ ಸಮತೋಲನ ಜಲಾಶಯವನ್ನು ಕಟ್ಟಿ ಹೂಳಿನಿಂದ ನಷ್ಟವಾದ ಸಂಗ್ರಹವನ್ನು ಸರಿದೂಗಿಸಬೇಕೆಂಬ ಯೋಜನೆಗೆ ಆಂಧ್ರ, ತೆಲಂಗಾಣಗಳ ಸಮ್ಮತಿ ಬೇಕು. ಕಾಲುವೆಯ ಬಾಯಲ್ಲಿ ನ್ಯಾಯವಾಗಿ ನಡೆದುಕೊಂಡವರ ಮಾತಿಗೆ ಸಂಧಾನದ ಮೇಜಿನ ಮೇಲೂ ತೂಕವಿರುತ್ತದೆ. ನವಲಿ ಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹೊಸ ಕಟ್ಟೆಯಲ್ಲಿ ನಿಂತ ನೀರೂ ಹಳೆಯ ಕಾಲುವೆಯ ಮೇಲ್ಭಾಗದಲ್ಲಿಯೇ ಮುಗಿದುಹೋಗುವುದಾದರೆ ೧೦೪ನೆಯ ಮೈಲಿನವನಿಗೆ ಅದರಿಂದ ಏನಾಯಿತು?

ಇನ್ನು ಹೊಳೆಯ ವಿಷಯ. ಕಟ್ಟೆಯ ಕೆಳಗೆ ಹಂಪೆ, ಕಂಪ್ಲಿಗಳನ್ನು ದಾಟಿ ಮಂತ್ರಾಲಯದವರೆಗೂ, ಅದರಾಚೆಗೂ ಹರಿಯುವ ತುಂಗಭದ್ರೆಯೆಂಬುದೊಂದಿದೆ ಎಂಬುದು ನೀರು ಬಿಡುವವರಿಗೆ ವರ್ಷದಲ್ಲಿ ಎರಡೇ ಸಲ ನೆನಪಾಗುತ್ತದೆ: ಮಳೆಗಾಲದಲ್ಲಿ ಲಕ್ಷ ಕ್ಯೂಸೆಕ್ ಮೀರಿ ಬಿಟ್ಟು ಹಂಪೆಯ ಮಂಟಪಗಳೂ ಕಂಪ್ಲಿಯ ಸೇತುವೆಯೂ ಮುಳುಗಿದಾಗ ಒಮ್ಮೆ, ಬೇಸಿಗೆಯಲ್ಲಿ ಬಂಡೆಗಳ ನಡುವೆ ದನಕ್ಕೂ ನೀರಿಲ್ಲವೆಂದು ಊರಿನವರು ಕೂಗಿದಾಗ ಇನ್ನೊಮ್ಮೆ. ವಿಜಯನಗರದ ಅರಸರು ಕಡಿಸಿದ ರಾಯ, ಬಸವಣ್ಣ, ತುರ್ತು ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಹೊಳೆಯ ಅಡ್ಡಕ್ಕೆ ಕಲ್ಲಿಟ್ಟು ಒಂದು ಪಾಲನ್ನು ತಿರುಗಿಸಿಕೊಂಡು ಉಳಿದದ್ದನ್ನು ಹೊಳೆಗೇ ಬಿಟ್ಟ ಕೆಲಸವದು. ಬೇಸಿಗೆಯ ತಿಂಗಳುಗಳಲ್ಲಿ ಹೊಳೆಗೆ ಇಷ್ಟು ಎಂದು ಮೊದಲೇ ತೆಗೆದಿಟ್ಟು, ಅದನ್ನು ಕುಡಿಯುವ ನೀರಿನಂತೆಯೇ ಮುಟ್ಟಬಾರದ ಪಾಲೆಂದು ಬರೆದಿಡುವುದು ಅಗತ್ಯ. ಈಗಿನಂತೆ ಕಲೆಕ್ಟರರು ಪತ್ರ ಬರೆದು, ಬೆಂಗಳೂರಿನಿಂದ ಉತ್ತರ ಬಂದು, ನೀರು ಹೊರಟು, ದಾರಿಯಲ್ಲಿ ಪಂಪುಗಳು ಕುಡಿದು, ಊರಿಗೆ ಒದ್ದೆ ಮರಳು ಮುಟ್ಟುವ ಕ್ರಮವು ನಿಲ್ಲಬೇಕು.

ಎರಡನೆಯ ಬೆಳೆಯಿಲ್ಲದೆ ಕಾಲುವೆಗಳು ಒಣಗುವ ತಿಂಗಳುಗಳು ಹಿಂದೆಲ್ಲ ಸಿಕ್ಕದ ಅವಕಾಶವನ್ನು ಇಲಾಖೆಯ ಕೈಗೆ ಕೊಡುತ್ತವೆ. ನೀರಿಲ್ಲದ ಕಾಲುವೆಯಲ್ಲಿ ಅಕ್ರಮ ಕೊಳವೆಗಳು ಕಣ್ಣಿಗೆ ಕಾಣುತ್ತವೆ, ಮುರಿದ ತೂಬುಗಳನ್ನು ಕೂಡಿಸಬಹುದು, ಗೇಜಿನ ಕಲ್ಲುಗಳನ್ನು ನೆಡಬಹುದು, ಹೂಳನ್ನು ಎತ್ತಬಹುದು. ಇಂಥ ತಿಂಗಳುಗಳನ್ನು ಟೆಂಡರು ಕರೆಯುವುದರಲ್ಲಿಯೇ ಕಳೆದು, ನೀರು ಬರುವ ವಾರ ಕೆಲಸ ಆರಂಭಿಸುವುದು ನಮ್ಮಲ್ಲಿ ಅಪರೂಪವಲ್ಲ. ಸಲಹಾ ಸಮಿತಿಯು ಮುಂದಿನ ಮುಂಗಾರಿಗೆ ಸೇರುವ ಮೊದಲು, ಎಡದಂಡೆಯ ಪ್ರತಿಯೊಂದು ಉಪಕಾಲುವೆಗೆ ನಿಗದಿಯಾದ ನೀರೆಷ್ಟು, ಅದರ ಕೆಳಗೆ ಗೊತ್ತುಪಡಿಸಿದ ಬೆಳೆ ಯಾವುದು, ನಿಜವಾಗಿ ಬೆಳೆಯುತ್ತಿರುವುದು ಯಾವುದು, ಅಚ್ಚುಕಟ್ಟಿನ ಹೊರಗೆ ಎಷ್ಟು ಎಕರೆ ನೀರು ಕುಡಿಯುತ್ತಿದೆ ಎಂಬ ಪಟ್ಟಿಯನ್ನು ಸರಕಾರದವರು ಮುದ್ರಿಸಿ, ಅಚ್ಚುಕಟ್ಟಿನ ಪ್ರತಿಯೊಂದು ಪಂಚಾಯತಿಗೂ ಕಳಿಸಿಕೊಡಲಿ. ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ ಸಭೆ ನಡೆಯಲಿ. ರಾಯಚೂರು ಜಿಲ್ಲೆಯ ಕೊನೆಯ ಭಾಗದ ರೈತರಿಗೂ ಅಲ್ಲಿ ಮಾತನಾಡಲು ಕುರ್ಚಿಯಿರಲಿ.